ಅಮ್ಮ (ಚಿಕನ್‌ಪಾಕ್ಸ್) ಬಂದಾಗ ಬಿಪಿ ಮಾತ್ರೆ ನಿಲ್ಲಿಸ್ಬೇಕಾ? ರಿಸರ್ಚ್ ಏನು ಹೇಳತ್ತೆ ಅಂತ ನಿಧಾನಕ್ಕೆ ನೋಡೋಣ

ನಮ್ಮ ದೊಡ್ಡಮ್ಮಂಗೆ 58 ವರ್ಷ, ಎಂಟು ವರ್ಷದಿಂದ ಬಿಪಿ ಮಾತ್ರೆ ತಗೋತಿದಾರೆ. ಈ ಸಲ ಬೇಸಿಗೆ ಶುರುವಾಗೋ ಹೊತ್ತಿಗೆ ಮೊದಲು ಮೊಮ್ಮಗನಿಗೆ ಚಿಕನ್‌ಪಾಕ್ಸ್ ಬಂತು, ಅವನಿಗೇನೋ ಒಂದು ವಾರದಲ್ಲಿ ಗುಳ್ಳೆ ಒಣಗಿ ಓಡಾಡ್ಕೊಂಡ, ಎರಡು ವಾರ ಕಳೆದ ಮೇಲೆ ದೊಡ್ಡಮ್ಮಂಗೆ ಜ್ವರ, ಮೈಕೈ ನೋವು, ಮಾರನೇ ದಿನ ಬೆನ್ನು ಹೊಟ್ಟೆ ತುಂಬಾ ನೀರುಗುಳ್ಳೆ. ಮನೇಲಿ ಹಿರಿಯರು ಹೇಳಿದ್ದು ಒಂದೇ ಮಾತು, "ತಾಯಿ ಬಂದಿದಾಳೆ, ಮಾತ್ರೆ ಗೀತ್ರೆ ಏನೂ ಬೇಡ, ತಾನಾಗಿ ಇಳೀತಾಳೆ." ಬೇವಿನ ಸೊಪ್ಪು ಬಂತು, ರಾಗಿ ಅಂಬಲಿ ಬಂತು, ಎಳನೀರು ಬಂತು, ಬಿಪಿ ಮಾತ್ರೆ ಡಬ್ಬಿ ಮಾತ್ರ ಅಲಮಾರು ಸೇರ್ತು. ಆದ್ರೆ ನೋವು ತಡೀಲಿಕ್ಕೆ ಆಗ್ತಿಲ್ಲ ಅಂತ ನಮ್ಮಣ್ಣ ಮೆಡಿಕಲ್ ಶಾಪಿಂದ ಒಂದು ಪೇನ್ ಕಿಲ್ಲರ್ ತಂದು ಕೊಟ್ಟಿದ್ದ, ಅದು ಮಾತ್ರೆ ಅಂತ ಯಾರಿಗೂ ಅನಿಸ್ಲಿಲ್ಲ, ನೋವಿಗೆ ತಾನೇ ಅಂತ. ನಾಲ್ಕನೇ ದಿನ ತಲೆ ಸಿಡೀತಿದೆ ಅಂದಾಗ ಬಿಪಿ ನೋಡಿದ್ರೆ ಮೇಲಿನದ್ದು 180 ದಾಟಿತ್ತು.

ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರು ಮೊದಲು ಕೇಳಿದ್ದು ಗುಳ್ಳೆ ಬಗ್ಗೆ ಅಲ್ಲ. "ಏನೇನು ಮಾತ್ರೆ ತಗೊಂಡಿದೀರ, ಏನೇನು ಬಿಟ್ಟಿದೀರ, ಎಲ್ಲಾ ಹೇಳಿ ಅಮ್ಮಾ" ಅಂದ್ರು. ಕೇಳಿಸ್ಕೊಂಡು ಹೇಳಿದ್ದು, ನೀವು ತಗೋಬೇಕಾದ್ದನ್ನ ಬಿಟ್ಟು ಬಿಡಬೇಕಾದ್ದನ್ನ ತಗೊಂಡಿದೀರ ಅಂತ. ಆ ಮಾತು ನನ್ನ ತಲೇಲಿ ಉಳೀತು, ಯಾಕೆ ಹಾಗಂದ್ರು ಅಂತ ಓದ್ತಾ ಹೋದೆ, ಓದಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಬಿಪಿ ಇರೋರು ಇಲ್ಲದ ಮನೇನೇ ಇಲ್ಲ ಈಗ, ಮತ್ತೆ ನಮ್ಮ ಕಡೆ ದೊಡ್ಡೋರಿಗೂ ಚಿಕನ್‌ಪಾಕ್ಸ್ ಬರೋದು ಅಪರೂಪ ಏನಲ್ಲ. ತಂಪು ದೇಶಗಳಲ್ಲಿ ಲಸಿಕೆ ಬರೋಕ್ಕೆ ಮುಂಚೆ ಸುಮಾರಾಗಿ ಎಲ್ಲರಿಗೂ ಮಕ್ಕಳಿದ್ದಾಗ್ಲೇ ಬಂದು ಹೋಗ್ತಿತ್ತು, ನಮ್ಮಂಥ ಬಿಸಿ ಪ್ರದೇಶಗಳಲ್ಲಿ ವಯಸ್ಸಿಗೆ ಬಂದ ಮೇಲೂ ಬರದೇ ಉಳಿದಿರೋರು ಜಾಸ್ತಿ. ದೊಡ್ಡೋರಿಗೆ ಬಂದ್ರೆ ಜೋರಾಗೇ ಬರತ್ತೆ, ನ್ಯುಮೋನಿಯಾ ಆಗೋದು ಸುಮಾರು 400 ಜನ ದೊಡ್ಡೋರಲ್ಲಿ ಒಬ್ಬರಿಗೆ ಅನ್ನೋ ಲೆಕ್ಕ ಇದೆ, ಬೀಡಿ ಸಿಗರೇಟ್ ಸೇದೋರಿಗೆ, ಬಸುರಿಯರಿಗೆ ಅಪಾಯ ಇನ್ನೂ ಹೆಚ್ಚು.

ವೈರಸ್ ಕಾಯಿಲೆ ಬಂದಾಗ ಬಿಪಿ ಮಾತ್ರೆ ಮುಂದುವರಿಸ್ಬೇಕಾ ಬಿಡಬೇಕಾ ಅನ್ನೋ ಪ್ರಶ್ನೆನ ಜಗತ್ತು ದೊಡ್ಡ ಮಟ್ಟದಲ್ಲಿ ಕೇಳ್ಕೊಂಡಿದ್ದು ಕೋವಿಡ್ ಟೈಮಲ್ಲಿ. ಕೊರೊನಾ ವೈರಸ್ ನಮ್ಮ ಜೀವಕೋಶದ ಒಳಗೆ ಹೋಗೋದು ಎಸಿಇ2 ಅನ್ನೋ ಬಾಗಿಲ ಮೂಲಕ. ಎನಾಲಾಪ್ರಿಲ್, ರಾಮಿಪ್ರಿಲ್ ತರದ ಮಾತ್ರೆಗಳು, ಆಮೇಲೆ ನಮ್ಮಲ್ಲಿ ತುಂಬಾ ಜನ ತಗೊಳ್ಳೋ ಟೆಲ್ಮಿಸಾರ್ಟನ್, ಲೊಸಾರ್ಟನ್ ಇವೆಲ್ಲಾ ಅದೇ ಸಾಲಿನ ರಾಸಾಯನಿಕದ ಮೇಲೆ ಕೆಲಸ ಮಾಡೋವು. ಹಾಗಾಗಿ ಈ ಮಾತ್ರೆ ತಗೊಂಡ್ರೆ ಬಾಗಿಲು ಜಾಸ್ತಿ ಆಗಿ ಕಾಯಿಲೆ ಜೋರಾಗಬಹುದಾ ಅಂತ 2020ರ ಮಾರ್ಚಲ್ಲಿ ಒಂದು ಮೆಡಿಕಲ್ ಪತ್ರಿಕೇಲಿ ಪುಟ್ಟ ಪತ್ರ ಬಂತು. ಅದು ಬರೀ ಊಹೆ, ಆದ್ರೆ ವಾಟ್ಸಾಪ್‌ಗೆ ಊಹೆ ಸಾಕು. ಎಷ್ಟೋ ಜನ ಹೆದರಿ ತಾವೇ ಮಾತ್ರೆ ನಿಲ್ಲಿಸಿದ್ರು. ಯುರೋಪು ಅಮೆರಿಕದ ಹೃದಯ ತಜ್ಞರ ಸಂಘಗಳು ಅದೇ ತಿಂಗಳು ನಿಲ್ಲಿಸ್ಬೇಡಿ ಅಂತ ಹೇಳಿಕೆ ಕೊಟ್ವು, ಆದ್ರೆ ಅವರ ಕೈಯಲ್ಲೂ ಆಗ ಪುರಾವೆ ಇರ್ಲಿಲ್ಲ.

ಪುರಾವೆ ಬಂದಿದ್ದು ಬ್ರೆಜಿಲಿನಿಂದ. ಬ್ರೇಸ್ ಕೊರೊನಾ ಅಂತ ಹೆಸರು, 29 ಆಸ್ಪತ್ರೆ, 659 ರೋಗಿಗಳು, ಎಲ್ಲರೂ ಮೊದಲಿಂದ ಈ ಗುಂಪಿನ ಬಿಪಿ ಮಾತ್ರೆ ತಗೊಳ್ತಿದ್ದೋರು, ಅರ್ಧ ಜನಕ್ಕೆ 30 ದಿನ ಮಾತ್ರೆ ನಿಲ್ಲಿಸಿದ್ರು, ಇನ್ನರ್ಧ ಜನಕ್ಕೆ ಮುಂದುವರಿಸಿದ್ರು, ಯಾರಿಗೆ ಯಾವುದು ಅನ್ನೋದು ಲಾಟರಿ ಎತ್ತಿದ ಹಾಗೆ. ತಿಂಗಳು ಆದ ಮೇಲೆ ನೋಡಿದ್ರೆ, ನಿಲ್ಲಿಸಿದೋರು ಬದುಕಿ ಆಸ್ಪತ್ರೆ ಹೊರಗೆ ಕಳೆದ ದಿನ ಸರಾಸರಿ 21.9, ಮುಂದುವರಿಸಿದೋರದ್ದು 22.9. ಸಾವಿನ ಪ್ರಮಾಣ 2.7 ಮತ್ತೆ 2.8 ಪರ್ಸೆಂಟ್. ಅಂದ್ರೆ ನಿಲ್ಲಿಸಿದ್ರಿಂದ ಯಾವ ಲಾಭಾನೂ ಇಲ್ಲ. 2021ರ ಜನವರೀಲಿ ಇದು ಪ್ರಕಟ ಆಯ್ತು, ಅದೇ ವರ್ಷ ರಿಪ್ಲೇಸ್ ಕೋವಿಡ್ ಅನ್ನೋ 152 ಜನರ ಇನ್ನೊಂದು ಟ್ರಯಲ್ಲೂ ಹೀಗೇ ಹೇಳ್ತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಟ್ರಯಲ್ ರಿಸಲ್ಟ್ ಬರೋ ಮುಂಚೆ, 2020ರ ಮೇ ತಿಂಗಳಲ್ಲಿ ದೊಡ್ಡ ಹೆಸರಿನ ಪತ್ರಿಕೇಲಿ ಈ ಮಾತ್ರೆ ಸೇಫ್ ಅಂತ ಒಂದು ಪೇಪರ್ ಬಂದಿತ್ತು, ಅದಕ್ಕೆ ಡೇಟಾ ಕೊಟ್ಟಿದ್ದು ಸರ್ಜಿಸ್ಫಿಯರ್ ಅನ್ನೋ ಕಂಪನಿ, ಆ ಡೇಟಾ ನಂಬೋಕಾಗಲ್ಲ ಅಂತ ಗೊತ್ತಾಗಿ ಜೂನ್ 4ಕ್ಕೆ ಪೇಪರ್ ವಾಪಸ್ ತಗೊಂಡ್ರು. ಆಮೇಲೆ ಬಂದ ಸರಿಯಾದ ಟ್ರಯಲ್‌ಗಳೂ ಅದೇ ಉತ್ತರ ಕೊಟ್ಟಿದ್ದು ಬೇರೆ ವಿಷಯ, ಆದ್ರೆ ಉತ್ತರ ಸರಿ ಇದ್ದ ಮಾತ್ರಕ್ಕೆ ದಾರಿ ಸರಿ ಅಂತ ಆಗಲ್ಲ, ಯಾರೋ ಒಬ್ಬರ ಮನೆಯೋರ ಪ್ರಾಣದ ಪ್ರಶ್ನೆ ಅದು.

ಇದಕ್ಕೆ ಉಲ್ಟಾ ಪ್ರಶ್ನೆನೂ ಕೇಳಿದ್ರು, ಬಿಪಿ ಮಾತ್ರೆನೇ ವೈರಸ್‌ಗೆ ಔಷಧಿ ಆಗಬಹುದಾ ಅಂತ. ಭಾರತ ಮತ್ತು ಆಸ್ಟ್ರೇಲಿಯಾದ 17 ಆಸ್ಪತ್ರೆಗಳಲ್ಲಿ 787 ಜನರ ಮೇಲೆ ಕ್ಲಾರಿಟಿ ಅನ್ನೋ ಟ್ರಯಲ್ ಆಯ್ತು, ನಮ್ಮ ಕಡೆ ಕೊಟ್ಟಿದ್ದು ಟೆಲ್ಮಿಸಾರ್ಟನ್ನೇ. ಪ್ರಯೋಜನ ಕಾಣ್ಲಿಲ್ಲ. 2023ರಲ್ಲಿ ಬಂದ ರೀಮ್ಯಾಪ್ ಕ್ಯಾಪ್ ಟ್ರಯಲ್ಲಂತೂ ಐಸಿಯು ಮಟ್ಟಕ್ಕೆ ಹೋದೋರಿಗೆ ಈ ಮಾತ್ರೆ ಹೊಸದಾಗಿ ಶುರು ಮಾಡಿದ್ರೆ ತೊಂದರೇನೇ ಆಗೋ ಸಾಧ್ಯತೆ ಜಾಸ್ತಿ ಅಂತ ತೋರಿಸ್ತು. ಸೋ ಎರಡು ಬೇರೆ ಬೇರೆ ಮಾತು ಇದು: ಮೊದಲಿಂದ ತಗೊಳ್ತಿರೋರು ಸುಮ್ಮನೆ ಹೆದರಿ ಬಿಡೋದು ಬೇಡ, ಕಾಯಿಲೆ ಜೋರಾಗಿರೋರಿಗೆ ಹೊಸದಾಗಿ ಕೊಡೋದೂ ಬೇಡ.

ಚಿಕನ್‌ಪಾಕ್ಸ್ ವೈರಸ್ ಎಸಿಇ2 ಬಾಗಿಲಿಂದ ಬರಲ್ಲ, ಅದರ ದಾರಿ ಬೇರೆ. ಹಾಗಾಗಿ ಕೋವಿಡ್ ಲೆಕ್ಕನ ಹಾಗೇ ತಂದು ಇಲ್ಲಿಗೆ ಅಂಟಿಸೋಕಾಗಲ್ಲ. ಆದ್ರೆ ಚಿಕನ್‌ಪಾಕ್ಸ್ ವೈರಸ್‌ಗೆ ಅದರದ್ದೇ ಒಂದು ಗುಣ ಇದೆ, ಬಿಪಿ ಇರೋರು ಅದನ್ನ ತಿಳ್ಕೊಂಡಿರ್ಬೇಕು. ಅದು ನರದಲ್ಲಿ ಅಡಗಿ ಕೂರತ್ತೆ, ವರ್ಷಾನುಗಟ್ಟಲೆ ಆದ್ಮೇಲೆ ಸರ್ಪಸುತ್ತಾಗಿ ವಾಪಸ್ ಬರತ್ತೆ, ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ ಅದು ಮೆದುಳಿಗೆ ರಕ್ತ ಒಯ್ಯೋ ನಾಳದ ಗೋಡೆಗೂ ಕೈ ಹಾಕಬಲ್ಲದು. ಬ್ರಿಟನ್ನಿನಲ್ಲಿ 2014ರಲ್ಲಿ ಬಂದ ಅಧ್ಯಯನದಲ್ಲಿ ಚಿಕನ್‌ಪಾಕ್ಸ್ ಆದ ಮಕ್ಕಳಿಗೆ ಮುಂದಿನ ಆರು ತಿಂಗಳಲ್ಲಿ ಪಾರ್ಶ್ವವಾಯು ಆಗೋ ಸಾಧ್ಯತೆ ನಾಲ್ಕು ಪಟ್ಟು ಅಂತ ಕಂಡುಬಂತು. ಮಕ್ಕಳಲ್ಲಿ ಸ್ಟ್ರೋಕ್ ಅನ್ನೋದೇ ತೀರಾ ಅಪರೂಪ, ಹಾಗಾಗಿ ನಾಲ್ಕು ಪಟ್ಟು ಅಂದ್ರೂ ಸಂಖ್ಯೆ ಚಿಕ್ಕದೇ, ತಾಯಂದಿರು ಹೆದರೋದು ಬೇಡ. ಅದೇ ವರ್ಷ ಸರ್ಪಸುತ್ತಿನ ಬಗ್ಗೆ ಬಂದ ಇನ್ನೊಂದು ಅಧ್ಯಯನದಲ್ಲಿ ದೊಡ್ಡೋರಿಗೆ ಮೊದಲ ನಾಲ್ಕು ವಾರ ಸ್ಟ್ರೋಕ್ ರಿಸ್ಕ್ 1.63 ಪಟ್ಟು, ವೈರಸ್ ವಿರುದ್ಧದ ಮಾತ್ರೆ ತಗೊಂಡೋರಲ್ಲಿ ಅದು ಕಡಿಮೆ. ಈಗ ಯೋಚ್ನೆ ಮಾಡಿ, ರಕ್ತನಾಳದ ಮೇಲೆ ಕಣ್ಣಿಟ್ಟಿರೋ ವೈರಸ್ ಮೈಯಲ್ಲಿರೋ ವಾರದಲ್ಲೇ ನಾವು ರಕ್ತನಾಳ ಕಾಯೋ ಮಾತ್ರೆನ ಅಲಮಾರಲ್ಲಿಟ್ಟು ಬಿಪಿ 180ಕ್ಕೆ ಬಿಡ್ತೀವಿ. ನಂಬಿಕೆ ಬಗ್ಗೆ ನನಗೆ ಗೌರವ ಇದೆ, ಬೇವಿನ ಸೊಪ್ಪು ಬಾಗಿಲಿಗೆ ಕಟ್ಟೋದ್ರಿಂದ ಹೊರಗಿನೋರು ಒಳಗೆ ಬರಲ್ಲ, ಸೋಂಕು ಹರಡೋದು ತಪ್ಪತ್ತೆ, ಹಿರಿಯರು ಮಾಡಿದ್ದರಲ್ಲಿ ಬುದ್ಧಿವಂತಿಕೆ ಇತ್ತು. ಆದ್ರೆ ಆ ಪದ್ಧತಿ ಬಂದ ಕಾಲದಲ್ಲಿ ಬಿಪಿ ಮಾತ್ರೆ ಅನ್ನೋದೇ ಇರ್ಲಿಲ್ಲ, ಹಾಗಾಗಿ ಅದಕ್ಕೆ ನಿಯಮ ಮಾಡೋ ಪ್ರಶ್ನೆನೇ ಬಂದಿರ್ಲಿಲ್ಲ.

ಕೆಲವು ಮಾತ್ರೆನ ದಿಢೀರ್ ಅಂತ ಬಿಡೋದು ಇನ್ನೂ ಕೆಟ್ಟದ್ದು. ಪ್ರೊಪ್ರನಲಾಲ್, ಅಟೆನಲಾಲ್, ಮೆಟೊಪ್ರೊಲಾಲ್ ತರದವು ಒಮ್ಮೆಗೇ ನಿಲ್ಲಿಸಿದ್ರೆ ಎದೆಬಡಿತ ಏರತ್ತೆ, ಹೃದಯದ ತೊಂದರೆ ಇರೋರಿಗೆ ಎದೆನೋವೇ ಬರಬಹುದು, ಕ್ಲೋನಿಡಿನ್ ನಿಲ್ಲಿಸಿದ್ರೆ ಬಿಪಿ ಮೊದಲಿಗಿಂತ ಮೇಲೆ ಹಾರತ್ತೆ. ಇನ್ನೊಂದು, ಇಂಥ ಮಾತ್ರೆ ತಗೊಳ್ಳೋರಿಗೆ ಜ್ವರ ಇದ್ರೂ ನಾಡಿ ಅಷ್ಟು ಏರಲ್ಲ, ಹಾಗಾಗಿ ನಾಡಿ ನಾರ್ಮಲ್ ಇದೆ, ಪರವಾಗಿಲ್ಲ ಅಂತ ಕೂರೋದು ತಪ್ಪಾಗತ್ತೆ.

ಪ್ರೊಪ್ರನಲಾಲ್ ಅಂದಾಗ ನೆನಪಾಯ್ತು, ನನಗೆ ತುಂಬಾ ಇಷ್ಟ ಆದ ವಿಷಯ. 1988ರ ವೈದ್ಯಕೀಯ ನೊಬೆಲ್ ಮೂರು ಜನಕ್ಕೆ ಹಂಚಿಕೆ ಆಯ್ತು, ಜೇಮ್ಸ್ ಬ್ಲ್ಯಾಕ್, ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್. ಬ್ಲ್ಯಾಕ್ ಅವರ ಕೆಲಸದಿಂದ ಪ್ರೊಪ್ರನಲಾಲ್ ಬಂತು, ಎಲಿಯನ್ ಅವರ ತಂಡದ ಕೆಲಸದಿಂದ ಚಿಕನ್‌ಪಾಕ್ಸ್‌ಗೆ ಇವತ್ತಿಗೂ ಕೊಡೋ ಎಸೈಕ್ಲೊವಿರ್. ಎಲಿಯನ್ ಅವರು ಪಿಎಚ್‌ಡಿ ಕೂಡ ಮುಗಿಸಿರ್ಲಿಲ್ಲ. ಬಿಪಿ ಮಾತ್ರೆ, ಅಮ್ಮನ ಮಾತ್ರೆ ಎರಡೂ ಒಂದೇ ವೇದಿಕೆ ಹತ್ತಿದ್ವು, ಇವತ್ತು ದೊಡ್ಡಮ್ಮನಂಥೋರ ಒಂದೇ ಡಬ್ಬೀಲಿ ಪಕ್ಕ ಪಕ್ಕ ಕೂತಿವೆ, ಕೂತಾಗ ಏನಾಗತ್ತೆ ಅನ್ನೋದೇ ಈಗ ಮುಖ್ಯ.

ಎಸೈಕ್ಲೊವಿರ್ ಗುಳ್ಳೆ ಕಾಣಿಸಿದ 24 ಗಂಟೆ ಒಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡತ್ತೆ, ದೊಡ್ಡೋರಿಗೆ ದಿನಕ್ಕೆ ನಾಲ್ಕೈದು ಸಲ 800 ಮಿಲಿಗ್ರಾಂ, ದೊಡ್ಡ ಡೋಸೇ. ಅದು ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕ. ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾದ್ರೆ ಮಾತ್ರೆಯ ಅಂಶ ಕಿಡ್ನಿಯ ಸಣ್ಣ ಕೊಳವೆಯಲ್ಲಿ ಹರಳುಗಟ್ಟಬಹುದು, ಇಂಜೆಕ್ಷನ್ ರೂಪದಲ್ಲಿ ಬೇಗ ಕೊಟ್ಟಾಗ ಇದು ಹೆಚ್ಚು, ನುಂಗೋ ಮಾತ್ರೇಲಿ ಕಡಿಮೆ, ಆದ್ರೆ ವಯಸ್ಸಾದೋರಲ್ಲಿ, ಕಿಡ್ನಿ ಮೊದಲೇ ಸೋತಿರೋರಲ್ಲಿ ಮಾತ್ರೆಯಿಂದಲೂ ಆಗತ್ತೆ. ಕಿಡ್ನಿ ಹೊರಗೆ ಹಾಕದೇ ಹೋದ್ರೆ ಔಷಧಿ ಮೈಯಲ್ಲೇ ಉಳಿದು ತಲೆಗೆ ಏರತ್ತೆ, ವಯಸ್ಸಾದೋರು ಏನೇನೋ ಮಾತಾಡ್ತಾರೆ, ಇಲ್ಲದ್ದು ಕಾಣತ್ತೆ ಅಂತಾರೆ, ಮನೆಯೋರು ಅದನ್ನ ದೇವಿ ಮೈಮೇಲೆ ಬಂದಳು ಅಂತಲೋ ಜ್ವರ ನೆತ್ತಿಗೇರಿದೆ ಅಂತಲೋ ತಿಳ್ಕೊಂಡು ಕೂರೋ ಅಪಾಯ ಇದೆ. ಚಿಕನ್‌ಪಾಕ್ಸ್ ವೈರಸ್ ಮೆದುಳಿಗೆ ಏರಿದ್ರೂ ಹೀಗೇ ಆಗತ್ತೆ. ಯಾವುದೇ ಆಗಿರ್ಲಿ, ಮಾತು ತಡಬಡಾಯಿಸಿದ್ರೆ ಆಸ್ಪತ್ರೆಗೆ ಹೋಗ್ಬೇಕು, ಅದರಲ್ಲಿ ಎರಡನೇ ಯೋಚ್ನೆ ಬೇಡ.

ಈಗ ಕಿಡ್ನಿ ಒಳಗಿನ ಲೆಕ್ಕ. ನಮ್ಮ ಮನೆ ಮೇಲಿನ ಓವರ್‌ಹೆಡ್ ಟ್ಯಾಂಕ್ ನೆನೆಸ್ಕೊಳ್ಳಿ, ಅದರಿಂದ ಫಿಲ್ಟರ್‌ಗೆ ಒಂದು ಪೈಪು ಬರತ್ತೆ, ಫಿಲ್ಟರಿಂದ ಇನ್ನೊಂದು ಪೈಪು ಹೊರಗೆ ಹೋಗತ್ತೆ. ನೀರು ಸೋಸ್ಬೇಕು ಅಂದ್ರೆ ಫಿಲ್ಟರ್ ಒಳಗೆ ಪ್ರೆಶರ್ ಬೇಕು. ಟ್ಯಾಂಕಲ್ಲಿ ನೀರು ಕಡಿಮೆ ಆದಾಗ ಕಿಡ್ನಿ ಏನು ಮಾಡತ್ತೆ ಅಂದ್ರೆ ಒಳಗೆ ಬರೋ ನಲ್ಲಿನ ಅಗಲ ಮಾಡತ್ತೆ, ಹೊರಗೆ ಹೋಗೋ ನಲ್ಲಿನ ಬಿಗಿ ಮಾಡತ್ತೆ, ಹೇಗೋ ಪ್ರೆಶರ್ ಕಾಪಾಡ್ಕೊಳ್ಳತ್ತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರದ ಪೇನ್ ಕಿಲ್ಲರ್ ಬಂದು ಆ ಒಳಗಿನ ನಲ್ಲಿ ಅಗಲ ಆಗೋಕ್ಕೆ ಬಿಡಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಬಂದು ಹೊರಗಿನ ನಲ್ಲಿನ ಸಡಿಲ ಮಾಡತ್ತೆ. ನೀರಿನ ಮಾತ್ರೆ, ಅಂದ್ರೆ ಹೈಡ್ರೊಕ್ಲೋರೊಥಯಜೈಡ್, ಫ್ಯುರೊಸೆಮೈಡ್ ತರದ್ದು ಟ್ಯಾಂಕ್ ನೀರನ್ನೇ ಇಳಿಸತ್ತೆ. ಒಂದೊಂದಾಗಿ ಬಂದ್ರೆ ಕಿಡ್ನಿ ಸಂಭಾಳಿಸ್ಕೊಳ್ಳತ್ತೆ, ಮೂರೂ ಒಟ್ಟಿಗೆ ಬಂದ್ರೆ ಫಿಲ್ಟರ್ ನಿಲ್ಲತ್ತೆ. ಬ್ರಿಟನ್ನಿನ ಬಿಪಿ ರೋಗಿಗಳ ದಾಖಲೆ ಇಟ್ಕೊಂಡು 2013ರಲ್ಲಿ ಬಂದ ಅಧ್ಯಯನ ಒಂದಿದೆ, 4,87,372 ಜನರದ್ದು, ಈ ಮೂರನ್ನೂ ಜೊತೆಗೆ ತಗೊಂಡೋರಲ್ಲಿ ದಿಢೀರ್ ಕಿಡ್ನಿ ಪೆಟ್ಟು 31 ಪರ್ಸೆಂಟ್ ಜಾಸ್ತಿ, ಅದರಲ್ಲೂ ಮೊದಲ 30 ದಿನದಲ್ಲಿ 82 ಪರ್ಸೆಂಟ್ ಜಾಸ್ತಿ. ಈ ಎರಡು ಬಿಪಿ ಮಾತ್ರೇಲಿ ಬರೀ ಒಂದರ ಜೊತೆ ಪೇನ್ ಕಿಲ್ಲರ್ ಇದ್ದಾಗ ಆ ಏರಿಕೆ ಕಾಣ್ಲಿಲ್ಲ, ಮೂರೂ ಸೇರಿದ ಮೇಲೇ ಕಂಡಿದ್ದು. ಈ ಮೂರರ ಮೇಲೆ ಚಿಕನ್‌ಪಾಕ್ಸ್ ಜ್ವರದಲ್ಲಿ ಬೆವರು, ಬಾಯಿ ಒಳಗೂ ಗುಳ್ಳೆ ಎದ್ದು ನೀರು ನುಂಗೋಕ್ಕೂ ಆಗದ ಕಷ್ಟ, ಅದರ ಮೇಲೆ ಎಸೈಕ್ಲೊವಿರ್. ನಮ್ಮ ದೊಡ್ಡಮ್ಮನ ಬಿಪಿ ಮಾತ್ರೆ ನೋಡಿದ್ರೆ ಟೆಲ್ಮಿಸಾರ್ಟನ್ ಜೊತೆ ನೀರಿನ ಮಾತ್ರೆನೂ ಸೇರಿರೋ ಕಾಂಬಿನೇಷನ್, ಹೆಸರಿನ ಕೊನೇಲಿ ಒಂದು ಎಚ್ ಇತ್ತಷ್ಟೇ, ಆ ಒಂದು ಅಕ್ಷರ ಏನು ಅಂತ ಎಂಟು ವರ್ಷದಿಂದ ಮನೇಲಿ ಯಾರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಪೇನ್ ಕಿಲ್ಲರ್ ವಿಷಯಕ್ಕೆ ಬಂದ್ರೆ, ಕಿಡ್ನಿ ಬಿಟ್ಟು ಇನ್ನೊಂದು ಕಾರಣಕ್ಕೂ ಚಿಕನ್‌ಪಾಕ್ಸಲ್ಲಿ ಅದು ಬೇಡ. ಗುಳ್ಳೆ ಒಡೆದ ಜಾಗದಿಂದ ಬ್ಯಾಕ್ಟೀರಿಯಾ ಒಳಗಿಳಿದು ಚರ್ಮದ ಕೆಳಗಿನ ಮಾಂಸ ಕೊಳೆಸೋ ಭಯಂಕರ ಸೋಂಕು ಕೆಲವರಿಗೆ ಆಗತ್ತೆ. 2008ರಲ್ಲಿ ಬ್ರಿಟನ್ನಿನ ದಾಖಲೆಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಐಬುಪ್ರೊಫೆನ್ ಗುಂಪಿನ ಮಾತ್ರೆ ತಗೊಂಡ ಚಿಕನ್‌ಪಾಕ್ಸ್ ರೋಗಿಗಳಿಗೆ ಇಂಥ ಚರ್ಮದ ತೊಂದರೆ ಸುಮಾರು 4.9 ಪಟ್ಟು ಇತ್ತು, ಪ್ಯಾರಾಸಿಟಮಾಲ್‌ಗೆ ಅಂಥ ಏರಿಕೆ ಇರ್ಲಿಲ್ಲ. ಫ್ರಾನ್ಸಿನ ಔಷಧ ಸಂಸ್ಥೆ 2019ರ ಏಪ್ರಿಲ್‌ನಲ್ಲಿ 2000ನೇ ಇಸವಿಯಿಂದ ಬಂದ ವರದಿ ಲೆಕ್ಕ ಹಾಕಿ, ಐಬುಪ್ರೊಫೆನ್ ಜೊತೆ 337, ಕೀಟೊಪ್ರೊಫೆನ್ ಜೊತೆ 49 ಗಂಭೀರ ಸೋಂಕಿನ ಕೇಸ್ ಅಂತ ಹೇಳಿ, ಚಿಕನ್‌ಪಾಕ್ಸಲ್ಲಿ ಇವನ್ನ ಕೊಡ್ಲೇಬೇಡಿ ಅಂತ ಎಚ್ಚರಿಸ್ತು. ಜ್ವರ ಮೊದಲೇ ಜೋರಾಗಿದ್ದೋರೇ ಪೇನ್ ಕಿಲ್ಲರ್ ಜಾಸ್ತಿ ತಗೊಂಡಿರ್ತಾರೆ, ಹಾಗಾಗಿ ತಪ್ಪು ಪೂರ್ತಿ ಮಾತ್ರೆದೇನಾ ಅನ್ನೋ ವಾದ ಇದೆ, ನ್ಯಾಯವಾದ ವಾದನೇ. ಆದ್ರೆ ಪಕ್ಕದಲ್ಲಿ ಪ್ಯಾರಾಸಿಟಮಾಲ್ ಅನ್ನೋ ಸುಲಭದ ದಾರಿ ಇರೋವಾಗ ಆ ವಾದ ತೀರ್ಮಾನ ಆಗೋವರೆಗೂ ಕಾಯೋದ್ಯಾಕೆ? ನಮ್ಮಲ್ಲಿ ಕಷ್ಟ ಏನಂದ್ರೆ ಕಾಂಬಿಫ್ಲಾಮ್ ತರದ ಮಾತ್ರೇಲಿ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಇದೆ, ಜನ ಜ್ವರದ ಮಾತ್ರೆ ಅಂತಲೇ ಕೇಳಿ ತಗೋತಾರೆ, ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರ್ದಿರೋದನ್ನ ಓದೋರು ಕಮ್ಮಿ.

ಆಸ್ಪಿರಿನ್ ಕಥೆ ಹಳೇದು. ಚಿಕನ್‌ಪಾಕ್ಸ್, ಫ್ಲೂ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಟ್ರೆ ಲಿವರ್, ಮೆದುಳು ಕೆಡೋ ರೈಸ್ ಸಿಂಡ್ರೋಮ್ ಬರತ್ತೆ ಅಂತ ಗೊತ್ತಾಗಿ ಅಮೆರಿಕದಲ್ಲಿ ಎಚ್ಚರಿಕೆ ಕೊಟ್ಟ ಮೇಲೆ, 1980ರಲ್ಲಿ 555 ಇದ್ದ ಕೇಸು 1994ರಿಂದ ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಆಗ್ಲಿಲ್ಲ. ಒಂದು ಎಚ್ಚರಿಕೆ ಮಾತು ಮನೆ ಮನೆಗೆ ಮುಟ್ಟಿದ್ರೆ ಎಷ್ಟು ಮಕ್ಕಳು ಉಳೀತಾರೆ ಅಂತ ನೋಡಿ. ಹಾಗಂತ ಹಾರ್ಟಿಗೆ ಇಕೋಸ್ಪ್ರಿನ್ (ಅದೂ ಆಸ್ಪಿರಿನ್ನೇ) ತಗೊಳ್ಳೋ ದೊಡ್ಡೋರು ಇದನ್ನ ಓದಿ ತಾವೇ ನಿಲ್ಲಿಸ್ಬೇಡಿ, ಸ್ಟೆಂಟ್ ಹಾಕ್ಸಿರೋರು ನಿಲ್ಲಿಸಿದ್ರೆ ಸ್ಟೆಂಟ್ ಮುಚ್ಚಿಹೋಗೋ ಅಪಾಯ ಇದೆ, ಡಾಕ್ಟರನ್ನೇ ಕೇಳಿ.

ಹಾಗಾದ್ರೆ ಬಿಪಿ ಮಾತ್ರೆ ಯಾವತ್ತೂ ನಿಲ್ಲಿಸಲೇಬಾರದಾ ಅಂದ್ರೆ, ಹಾಗಲ್ಲ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಪ್ರದೇಶದಲ್ಲಿ 2013ರಲ್ಲಿ ರೋಗಿಗಳ ಕೈಗೆ ಒಂದು ಚಿಕ್ಕ ಕಾರ್ಡ್ ಕೊಟ್ರು, ವಾಂತಿ, ಭೇದಿ, ಜ್ವರ ಜೋರಾಗಿ ನೀರು ಕಳ್ಕೊಳ್ತಿರೋ ದಿನಗಳಲ್ಲಿ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸ್ಬೇಕು, ಸರಿಯಾಗಿ ತಿಂದು ಕುಡಿಯೋಕ್ಕೆ ಶುರುವಾಗಿ 24ರಿಂದ 48 ಗಂಟೆ ಆದ್ಮೇಲೆ ಹೇಗೆ ವಾಪಸ್ ಶುರು ಮಾಡ್ಬೇಕು ಅಂತ. ಅದರಲ್ಲಿ ನೀರಿನ ಮಾತ್ರೆ, ಟೆಲ್ಮಿಸಾರ್ಟನ್ ತರದ ಸಾರ್ಟನ್ ಗುಂಪು, ರಾಮಿಪ್ರಿಲ್ ತರದ ಪ್ರಿಲ್ ಗುಂಪು, ಪೇನ್ ಕಿಲ್ಲರ್, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಇವೆಲ್ಲಾ ಇದ್ವು. ಇದನ್ನ ಎಲ್ಲರಿಗೂ ಕಣ್ಣು ಮುಚ್ಕೊಂಡು ಹೇಳಿದ್ರೆ ಜನ ನಿಲ್ಲಿಸಿ ವಾಪಸ್ ಶುರು ಮಾಡೋದನ್ನೇ ಮರೀತಾರೆ ಅಂತ ಅಲ್ಲಿನ ಕಿಡ್ನಿ ತಜ್ಞರಲ್ಲೇ ಕೆಲವರಿಗೆ ತಕರಾರಿದೆ. ನನಗೂ ಆ ತಕರಾರು ಸರಿ ಅನಿಸತ್ತೆ, ಯಾಕಂದ್ರೆ ನಮ್ಮಲ್ಲಿ ಒಂದು ಸಲ ಬಿಟ್ಟ ಬಿಪಿ ಮಾತ್ರೆ ಆರು ತಿಂಗಳು ಅಲಮಾರು ಬಿಟ್ಟು ಬರಲ್ಲ. ಅಂಬಲಿ ಮಜ್ಜಿಗೆ ಚೆನ್ನಾಗಿ ಕುಡೀತಾ, ಮೂತ್ರ ಸರಿಯಾಗಿ ಹೋಗ್ತಾ, ಬಿಪಿ ಯಾವಾಗ್ಲೂ ಇರೋ ಹಾಗೆ ಇದ್ರೆ ಮಾತ್ರೆ ಮುಂದುವರೀಲಿ. ವಾಂತಿ ಆಗ್ತಿದೆ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ, ಮೇಲಿನ ನಂಬರ್ 100ಕ್ಕಿಂತ ಕೆಳಗೆ ಬಂದಿದೆ, ಬೆಳಿಗ್ಗೆಯಿಂದ ಮೂತ್ರ ಒಂದೇ ಸಲ ಹೋಗಿದೆ ಅಂದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಯಾವುದನ್ನ ತಡೆಹಿಡೀಬೇಕು ಅಂತ ಕೇಳ್ಬೇಕು. ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಈ ನಲ್ಲಿ ಲೆಕ್ಕಕ್ಕೆ ಬರಲ್ಲ, ಬಿಪಿ ಇಳಿದಿದ್ರೆ ಮಾತ್ರ ಅದರ ಬಗ್ಗೆ ಯೋಚ್ನೆ.

ಎಳನೀರಿನ ಬಗ್ಗೆ ಒಂದು ಮಾತು. ಅಮ್ಮ ಬಂದ ಮನೇಲಿ ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿಸ್ತಾರೆ. ಅದರಲ್ಲಿ 100 ಎಂಎಲ್‌ಗೆ 200ರಿಂದ 250 ಮಿಲಿಗ್ರಾಂ ಆಸುಪಾಸು ಪೊಟ್ಯಾಷಿಯಂ ಇರತ್ತೆ. ಕಿಡ್ನಿ ಗಟ್ಟಿ ಇರೋರಿಗೆ ಏನೂ ಆಗಲ್ಲ, ಒಳ್ಳೇದೇ. ಆದ್ರೆ ಸಾರ್ಟನ್, ಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲಾ ಪೊಟ್ಯಾಷಿಯಂನ ಮೈಯಲ್ಲೇ ಉಳಿಸೋ ಮಾತ್ರೆಗಳು, ಕಿಡ್ನಿ ವೀಕ್ ಇರೋ ಹಿರಿಯರಿಗೆ ಇವುಗಳ ಜೊತೆ ಎಳನೀರು ಅತಿಯಾದ್ರೆ ಹೃದಯದ ಬಡಿತವೇ ಏರುಪೇರಾಗತ್ತೆ. ಅಂಥೋರಿಗೆ ನೀರು, ತೆಳ್ಳಗಿನ ಅಂಬಲಿ ವಾಸಿ.

ದೊಡ್ಡಮ್ಮಂಗೆ ಡಾಕ್ಟರ್ ಮಾಡಿದ್ದು ಇಷ್ಟು: ಪೇನ್ ಕಿಲ್ಲರ್ ಬಂದ್, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಎಚ್ ಇಲ್ಲದ ಟೆಲ್ಮಿಸಾರ್ಟನ್ ಅವತ್ತೇ ಶುರು, ನೀರಿನ ಮಾತ್ರೆ ಚೆನ್ನಾಗಿ ಕುಡಿಯೋವರೆಗೂ ಬೇಡ, ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ ಟೆಸ್ಟು, ಜೊತೆಗೆ ಪೊಟ್ಯಾಷಿಯಂ ಟೆಸ್ಟು, ಎರಡು ದಿನ ಬಿಟ್ಟು ಮತ್ತೆ ಟೆಸ್ಟು. ಮೊದಲ ಟೆಸ್ಟಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು, ಎರಡನೇದರಲ್ಲಿ ಇಳೀತು. ಬಿಪಿ ನಾಲ್ಕು ದಿನಕ್ಕೆ ಹಿಡಿತಕ್ಕೆ ಬಂತು. ಬೇವಿನ ಸೊಪ್ಪು ಹಾಸಿಗೆ ಪಕ್ಕ ಇದ್ದೇ ಇತ್ತು, ಡಾಕ್ಟರ್ ಅದನ್ನ ತೆಗೀರಿ ಅನ್ನಲಿಲ್ಲ. "ತಾಯಿಗೆ ಬೇವು, ಬಿಪಿಗೆ ಮಾತ್ರೆ, ಎರಡಕ್ಕೂ ಜಗಳ ಇಲ್ಲ" ಅಂದ್ರಂತೆ, ದೊಡ್ಡಮ್ಮ ಈಗ ಬಂದೋರಿಗೆಲ್ಲಾ ಅದನ್ನೇ ಹೇಳ್ತಾರೆ.

ಲಸಿಕೆ ವಿಷಯ ಉಳೀತು. ಒಸಾಕಾದ ಮಿಚಿಯಾಕಿ ತಕಹಾಶಿ 1974ರಲ್ಲೇ ಮಾಡಿಟ್ಟಿದ್ದು, ಅಮೆರಿಕ 1995ರಿಂದ ಮಕ್ಕಳಿಗೆಲ್ಲಾ ಹಾಕ್ತಿದೆ, ನಮ್ಮ ಸರ್ಕಾರಿ ಲಸಿಕೆ ಪಟ್ಟೀಲಿ ಇನ್ನೂ ಇಲ್ಲ, ದುಡ್ಡು ಕೊಟ್ಟು ಪ್ರೈವೇಟಲ್ಲಿ ಹಾಕಿಸ್ಬೇಕು, ಇದು ನನಗೆ ನಿಜವಾಗ್ಲೂ ನೋವಿನ ವಿಷಯ. ಚಿಕನ್‌ಪಾಕ್ಸ್ ಬರದೇ ಇರೋ ದೊಡ್ಡೋರಿಗೆ ನಾಲ್ಕರಿಂದ ಎಂಟು ವಾರದ ಅಂತರದಲ್ಲಿ ಎರಡು ಡೋಸ್, ಬಿಪಿ ಮಾತ್ರೆ ತಗೊಳ್ಳೋದು ಅದಕ್ಕೆ ಅಡ್ಡಿ ಅಲ್ಲ, ಆದ್ರೆ ಜೀವಂತ ವೈರಸ್ ಇರೋ ಲಸಿಕೆ ಆದ್ದರಿಂದ ಬಸುರಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರೋರಿಗೆ ಹಾಕಲ್ಲ. ನಮ್ಮ ಅತ್ತಿಗೆಗೆ ಚಿಕ್ಕಂದಿನಲ್ಲಿ ಬಂದಿರ್ಲಿಲ್ಲ ಅಂತ ಅವರ ತಾಯಿನ ಕೇಳಿದ ಮೇಲೆ ಗೊತ್ತಾಯ್ತು. ಮೊದಲ ಡೋಸ್ ಹೋದ ವಾರ ಆಯ್ತು, ಎರಡನೇದರ ತಾರೀಖನ್ನ ದೊಡ್ಡಮ್ಮನೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿದಾರೆ.